ಕಂಡಕ್ಟ್ರಣ್ಣನ ಫೋನು ನನ್ನ ಕೈಗೆ ಬಂದ್ಮೇಲೆ

ನಮ್ಮ ಮಧುಗಿರಿ ತಾಲ್ಲೂಕಿಂದ ಬೆಂಗ್ಳೂರಿಗೆ ದೊಡ್ಡಾಸ್ಪತ್ರೆ ಅಂತ ಬಂದು ಹೋದ ಮನೆಗಳಲ್ಲಿ ಕಂಡಕ್ಟ್ರಣ್ಣ ಗೊತ್ತಿಲ್ಲದ ಮನೆ ಸಿಗೋದು ಕಷ್ಟ. ಅವರ ನಿಜವಾದ ಹೆಸ್ರು ಇಲ್ಲಿ ಹಾಕ್ತಿಲ್ಲ, ಮನೆಯೋರು ಬೇಡ ಅಂದ್ರು, ಅವರೇ ಇದ್ದಿದ್ರೂ ಬೇಡ ಅಂತಲೇ ಅಂತಿದ್ರು. ಹೋದ್ವರ್ಷ ಕಾರ್ತೀಕದಲ್ಲಿ ತೀರಿಕೊಂಡ್ರು. ಊರಲ್ಲಿ ನುಡಿನಮನ ಮಾಡಿದ್ರು, ಫೋಟೋಗೆ ಹಾರ ಹಾಕಿದ್ರು, ಭಾಷಣ ಆಯ್ತು, ಎಲ್ಲಾ ಚೆನ್ನಾಗೇ ಆಯ್ತು. ಆದ್ರೆ ಆ ಮನುಷ್ಯ ಇಷ್ಟು ವರ್ಷ ನಿಜವಾಗ್ಲೂ ಏನು ಮಾಡ್ತಿದ್ರು ಅನ್ನೋದು ನನಗೆ ಪೂರ್ತಿ ಅರ್ಥ ಆಗಿದ್ದು ಅವರ ಫೋನು ನನ್ನ ಕೈಗೆ ಬಂದು, ಅವರು ಮಾಡ್ತಿದ್ದ ಕೆಲಸಾನ ಒಂದ್ಸಲ ಶುರುವಿಂದ ಕೊನೇತನಕ ನಾನೇ ಮಾಡಿದ್ಮೇಲೆ. ಅದನ್ನೇ ಬರೀತಿದೀನಿ.

ಕೆಎಸ್ಸಾರ್ಟಿಸಿಲಿ ಕಂಡಕ್ಟರ್ ಆಗಿದ್ರು, ಜಾಸ್ತಿ ವರ್ಷ ಮಾಡಿದ್ದು ಬೆಂಗ್ಳೂರು ರೂಟೇ, ಕೊರಟಗೆರೆ, ದಾಬಸ್‌ಪೇಟೆ, ನೆಲಮಂಗಲ ಮೇಲೆ ಮೆಜೆಸ್ಟಿಕ್ಕು. ಮಧುಗಿರಿಗೆ ರೈಲಿಲ್ಲ, ಏನೇ ಆದ್ರೂ ಬಸ್ಸೇ ಗತಿ, ಹಂಗಾಗಿ ಊರಿನ ಕಾಯಿಲೆ ಕಸಾಲೆ ಎಲ್ಲಾ ಅವರ ಬಸ್ಸಲ್ಲೇ ಬೆಂಗ್ಳೂರಿಗೆ ಬರ್ತಿತ್ತು. ಇದೆಲ್ಲ ಶುರುವಾಗಿದ್ದು ಒಂದು ಊಟದ ಕ್ಯಾರಿಯರಿಂದ ಅಂತ ಅವರ ಮನೆಯಮ್ಮ ಹೇಳ್ತಾರೆ. ಯಾರೋ ವಿಕ್ಟೋರಿಯಾ ಆಸ್ಪತ್ರೆಲಿ ಮಗನ್ನ ಸೇರಿಸಿದ್ರಂತೆ, ತಾಯಿ ಬೆಳಿಗ್ಗೆ ಬಸ್ ಹತ್ರ ಮುದ್ದೆ ಸಾರು ತಂದು ಮೆಜೆಸ್ಟಿಕ್ಕಲ್ಲಿ ಯಾರಿಗಾದ್ರೂ ಕೊಟ್ಬಿಡಿ ಸ್ವಾಮಿ ಅಂದ್ರಂತೆ, ಮೆಜೆಸ್ಟಿಕ್ಕಲ್ಲಿ ಯಾರಿಗೆ ಅಂತ ಕೊಡೋದು, ಇವರೇ ಟ್ರಿಪ್ ಮಧ್ಯೆ ಸಿಗೋ ಟೈಮಲ್ಲಿ ಮಾರ್ಕೆಟ್ ತನಕ ನಡ್ಕೊಂಡು ಹೋಗಿ ವಾರ್ಡಲ್ಲಿ ಕೊಟ್ಟು ಬಂದ್ರು. ಮಾರನೇ ದಿನ ಎರಡು ಕ್ಯಾರಿಯರ್ ಬಂತು. ಆಮೇಲೆ ಎಕ್ಸರೇ ಕವರು, ರಕ್ತದ ರಿಪೋರ್ಟು, ಮಧುಗಿರಿಲಿ ಸಿಗದ ಮಾತ್ರೆ, ಎಲ್ಲಾ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಓಡಾಡೋಕೆ ಶುರುವಾಯ್ತು.

ಕೊಡೋಕೆ ಅವರ ಹತ್ರ ದುಡ್ಡೇನೂ ಇರ್ಲಿಲ್ಲ. ಕಂಡಕ್ಟರ್ ಸಂಬಳ, ಎರಡು ಮಕ್ಳು, ಹೆಂಚಿನ ಮನೆ. ಅವರು ಕೊಟ್ಟಿದ್ದು ತಿಳುವಳಿಕೆ ಮತ್ತೆ ಟೈಮು. ಹಾರ್ಟಿಗೆ ಜಯದೇವ, ತಲೆಗೆ ನಿಮ್ಹಾನ್ಸು, ಕಣ್ಣಿಗೆ ಮಿಂಟೋ, ಕ್ಯಾನ್ಸರ್‌ಗೆ ಕಿದ್ವಾಯಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಯಾವ ಗೇಟಿಂದ ಒಳಗೆ ಹೋಗ್ಬೇಕು, ಮೊದಲು ಯಾವ ಕೌಂಟರು, ಎಷ್ಟು ಗಂಟೆಗೆ ಚೀಟಿ, ಯಾವ ಕಾಗದ ಇಲ್ದಿದ್ರೆ ವಾಪಸ್ ಕಳಿಸ್ತಾರೆ, ಇದನ್ನ ಯಾರು ಹೇಳ್ತಾರೆ? ಹಳ್ಳಿಯಿಂದ ಬಂದೋರು ಅರ್ಧಕ್ಕೆ ವಾಪಸ್ ಹೋಗೋದು ಕಾಯಿಲೆಗೆ ಹೆದ್ರಿ ಅಲ್ಲ, ಕೌಂಟರಿಗೆ ಹೆದ್ರಿ. ಇದು ನಾನು ಕಣ್ಣಾರೆ ನೋಡಿದ ಮಾತು. ನಮ್ಮಪ್ಪನಿಗೆ ಎದೆನೋವು ಬಂದಾಗ ನಾನು ಬೆಂಗ್ಳೂರಲ್ಲೇ ಕೆಲಸದಲ್ಲಿದ್ದೆ, ಇಂಗ್ಲಿಷ್ ಬರುತ್ತೆ, ಕೈಲಿ ಸ್ಮಾರ್ಟ್ ಫೋನಿದೆ, ಆದ್ರೂ ಕೈಕಾಲು ಆಡ್ಲಿಲ್ಲ. ಜಯದೇವದಲ್ಲಿ ನಮ್ಮ ಜೊತೆ ನಿಂತಿದ್ದು ಕಂಡಕ್ಟ್ರಣ್ಣ. ಅಪ್ಪನ್ನ ಆಂಜಿಯೋಗ್ರಾಮ್‌ಗೆ ಒಳಗೆ ಕರ್ಕೊಂಡು ಹೋಗೋವಾಗ ಅವರ ಕೈ ಹಿಡ್ಕೊಂಡು "ಒಂದೇ ಸ್ಟಾಪು ಅಣ್ಣ, ಕಣ್ ಮುಚ್ಕೊಂಡು ಕೂತ್ಕೊಳ್ಳಿ, ನಾನೇ ಕೂಗಿ ಇಳಿಸ್ತೀನಿ" ಅಂದ್ರು. ಅಪ್ಪ ಇವತ್ತಿಗೂ ಆ ಮಾತು ಹೇಳ್ತಾರೆ.

2020ರ ಲಾಕ್‌ಡೌನ್ ವಿಷಯ ಬರೀಲೇಬೇಕು. ಆಗ ರಿಟೈರ್ ಆಗಿದ್ರು. ಮಾರ್ಚ್ ಕೊನೇಲಿ ಬಸ್ಸು ಪೂರ್ತಿ ನಿಂತೋಯ್ತು, ಕೀಮೋಗೆ ಬರ್ಬೇಕಾದೋರು, ಕಿಡ್ನಿ ಕಸಿ ಆಗಿ ಬೆಂಗ್ಳೂರಿಂದಲೇ ಮಾತ್ರೆ ತರಿಸ್ಕೊಳ್ಳೋರು ಎಲ್ಲಾ ಮನೇಲೇ ಸಿಕ್ಕಾಕ್ಕೊಂಡ್ರು. ಯಶವಂತಪುರ ಎಪಿಎಂಸಿಗೆ ತರಕಾರಿ ಗಾಡಿ ಮಾತ್ರ ಓಡಾಡ್ತಿತ್ತು. ಇವರು ಬೆಳಗಿನ ಜಾವ ಎದ್ದು ಮಾಸ್ಕ್ ಹಾಕ್ಕೊಂಡು ಗಾಡಿ ಡ್ರೈವರುಗಳ ಹತ್ರ ಹೋಗಿ, ಮಾತ್ರೆ ಚೀಟಿ, ದುಡ್ಡು, ಪೇಷಂಟ್ ಊರು, ಎಲ್ಲಾ ಒಂದು ಕವರಿಗೆ ಹಾಕಿ ಪಿನ್ ಮಾಡಿ ಕೊಡೋರು. ಬೆಂಗ್ಳೂರಲ್ಲಿ ಆ ಕವರ್ ಇಸ್ಕೊಂಡು, ಮಾತ್ರೆ ತಂದು, ವಾಪಸ್ ಅದೇ ಗಾಡಿಗೆ ಹಾಕೋ ಕೆಲಸ ನಮ್ಮಂಥ ಕೆಲವರದ್ದು. ಪೇಷಂಟನ್ನೇ ಕಳಿಸ್ಬೇಕಾದಾಗ ತಾಲ್ಲೂಕು ಆಫೀಸ್ ಮುಂದೆ ನಿಂತು ಪಾಸ್ ಮಾಡಿಸ್ಕೊಂಡು ಬರೋರು. ಯಾರ ಹತ್ರಾನೂ ಒಂದು ರೂಪಾಯಿ ಇಸ್ಕೊಂಡಿದ್ದು ನಾನಂತೂ ಕೇಳಿಲ್ಲ.

ಅವರು ಹೋಗಿದ್ದು ಬೆಳಗಿನ ಜಾವ, ನಿದ್ದೇಲೇ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ಕ್ಕೆ ತೀರ್ಕೊಂಡಾಗ ಅವರ ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತಲ್ಲ, ಅದಾದ್ಮೇಲೆ ನಮ್ಮೂರಲ್ಲಿ ಕಣ್ಣು ಬರೆದುಕೊಟ್ಟೋರು ತುಂಬಾ ಜನ, ಇವರು ಅದಕ್ಕೂ ಮುಂಚೆ, ಅಣ್ಣಾವ್ರು 2006ರಲ್ಲಿ ಹೋದಾಗಲೇ ಬರೆದುಕೊಟ್ಟಿದ್ರು. ಅಷ್ಟು ದುಃಖದಲ್ಲೂ ಅವರ ಮನೆಯಮ್ಮ ಮೊದಲು ಮಾಡಿದ್ದು ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆ ಕೆಳಗೆ ದಿಂಬು ಕೊಟ್ಟಿದ್ದು. ಆರು ಗಂಟೆ ಒಳಗೆ ತೆಗೀಬೇಕು ಅಂತ ಗಂಡ ಹೇಳಿದ್ದು ಅವರಿಗೆ ಬಾಯಿಪಾಠ. ನಾನು ಬೆಂಗ್ಳೂರಿಂದ ಹೋಗೋಷ್ಟರಲ್ಲಿ ಕಣ್ಣಿನ ಆಸ್ಪತ್ರೆಯೋರು ಬಂದಿದ್ರು, ಸ್ವಲ್ಪ ರಕ್ತ ತಗೊಂಡ್ರು, ಅರ್ಧ ಗಂಟೇಲಿ ಕೆಲಸ ಮುಗೀತು. ಕಣ್ಣು ಗುಳಿ ಬಿದ್ದು ವಿಕಾರ ಆಗುತ್ತೆ ಅಂತ ನೆಂಟ್ರಲ್ಲಿ ಕೆಲವರು ಗೊಣಗ್ತಿದ್ರು, ಹಂಗೇನೂ ಆಗಲ್ಲ, ತೆಗೆಯೋದು ಮುಂದಿನ ತೆಳ್ಳಗಿನ ಪಾರದರ್ಶಕ ಪರದೆ, ಮುಖ ಮಲಗಿರೋರ ಥರಾನೇ ಇತ್ತು. ಪೊರೆ ಆಪರೇಷನ್ ಆಗಿತ್ತು, ಶುಗರ್ ಇತ್ತು, ಎರಡೂ ಅಡ್ಡಿ ಬರ್ಲಿಲ್ಲ. ಯಾರಿಗೆ ಹಾಕಿದ್ರು ಅಂತ ಹೇಳಲ್ಲ, ನಾವೂ ಕೇಳ್ಲಿಲ್ಲ.

ತಿಥಿ ಕಾರ್ಯದ ದಿನಾನೂ ಅವರ ಫೋನ್ ಹೊಡ್ಕೊಳ್ತಾನೇ ಇತ್ತು. ಹಳೇ ಕೀಪ್ಯಾಡ್ ಫೋನು, ನಂಬರ್ ಬಟನ್‌ಗಳು ಅಳಿಸೋಗಿವೆ. ಊಟ ಎಲ್ಲಾ ಮುಗಿದ್ಮೇಲೆ ಅಕ್ಕ, ಅಂದ್ರೆ ಅವರ ಮನೆಯಮ್ಮ, ಅದನ್ನ ಚಾರ್ಜರ್ ಸಮೇತ ತಂದು ನನ್ನ ಮಡಿಲಿಗೆ ಹಾಕಿ "ನೀನು ಬೆಂಗ್ಳೂರಲ್ಲಿರೋಳು, ನೀನೇ ನೋಡವ್ವ, ನನಗೆ ಪ್ರತಿಯೊಬ್ರಿಗೂ ಅವರಿಲ್ಲ ಅಂತ ಹೇಳೋಕೆ ಶಕ್ತಿ ಇಲ್ಲ" ಅಂದ್ರು. ಬಸ್ಸಲ್ಲಿ ವಾಪಸ್ ಬರೋವಾಗ ಕಾಂಟ್ಯಾಕ್ಟ್ ಲಿಸ್ಟ್ ತೆಗೆದೆ. ಕೊಡಿಗೇನಹಳ್ಳಿ ಹಾರ್ಟು. ದೊಡ್ಡೇರಿ ಮಗು ಕಿವಿ. ಪುರವರ ಡಯಾಲಿಸಿಸ್ಸು. ಐ.ಡಿ. ಹಳ್ಳಿ ಫಿಟ್ಸ್ ಹುಡುಗ. ಆಸ್ಪತ್ರೆಯೋರ ಹೆಸ್ರೂ ಹಂಗೇ, ಜಯದೇವ ಲಿಫ್ಟು, ಮಿಂಟೋ ಚೀಟಿ, ಕಿದ್ವಾಯಿ ಫೈಲ್ ಅಕ್ಕ. ಸ್ಕ್ರೋಲ್ ಮಾಡ್ತಾ ಇದ್ರೆ ಮುಗೀತಾನೇ ಇಲ್ಲ. ಎಷ್ಟೋ ಹೆಸ್ರಿನ ಮುಂದೆ ಓಕೆ ಅಂತ ಸೇರಿಸಿದ್ರು, ವಾಸಿಯಾಗಿ ಮನೆಗೆ ಹೋದೋರು ಅಂತ ಆಮೇಲೆ ಗೊತ್ತಾಯ್ತು.

ನಾನು ಪೂರ್ತಿಯಾಗಿ ನೋಡ್ಕೊಂಡ ಮೊದಲನೇ ಕೇಸು ಮಿಡಿಗೇಶಿ ಕಡೆಯದು. ಒಬ್ಬ ಹುಡುಗ ಫೋನ್ ಮಾಡಿ ಕಂಡಕ್ಟ್ರಣ್ಣ ಇದಾರಾ ಅಂದ. ಇಲ್ಲಪ್ಪ, ತೀರಿಕೊಂಡ್ರು ಅಂದೆ. ಆ ಕಡೆ ಮಾತಿಲ್ಲ. ಆಮೇಲೆ "ಹಂಗಾದ್ರೆ ಬಿಡಿ ಅಕ್ಕ" ಅಂದ. ಬಿಡಬೇಡ, ಏನಾಗಿದೆ ಹೇಳು ಅಂದೆ. ಅಜ್ಜಿಗೆ ಕೆನ್ನೆ ಒಳಗಡೆ ಹುಣ್ಣು, ತುಂಬಾ ತಿಂಗಳಿಂದ ವಾಸಿಯಾಗ್ತಿಲ್ಲ, ಖಾರ ತಾಗಿದ್ರೆ ಪ್ರಾಣ ಹೋಗುತ್ತೆ, ಬಾಯಿ ಎರಡು ಬೆರಳಷ್ಟೂ ತೆಗೆಯಕ್ಕಾಗಲ್ಲ. ನಮ್ಮ ಕಡೆ ಹೆಂಗಸ್ರು ಕಡ್ಲೆಕಾಯಿ ಕಳೆ ಕೀಳೋವಾಗ, ಬೀಡು ಹೊಲದಲ್ಲಿ ದನ ಕಾಯೋವಾಗ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ದವಡೇಲಿ ಒತ್ತರಿಸಿಕೊಳ್ಳೋದು ಎಷ್ಟು ಮಾಮೂಲಿ ಅಂದ್ರೆ ಅದನ್ನ ಚಟ ಅಂತಾನೇ ಯಾರೂ ಅನ್ನಲ್ಲ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಅಗೆದ್ರೂ ಕ್ಯಾನ್ಸರ್ ಬರುತ್ತೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 20 ವರ್ಷದ ಹಿಂದೆನೇ ಹೇಳಿರೋ ವಿಷಯ. ಬಾಯಲ್ಲಿ ಬಿಳಿ ಮಚ್ಚೆ, ಮೂರು ವಾರದಲ್ಲಿ ವಾಸಿಯಾಗದ ಹುಣ್ಣು, ಬಾಯಿ ತೆಗೆಯೋಕೆ ಕಷ್ಟ, ಈ ಮೂರರಲ್ಲಿ ಯಾವುದಿದ್ರೂ ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ, ದಯವಿಟ್ಟು.

ತುಮಕೂರಲ್ಲಿ ಬಯಾಪ್ಸಿ ಮಾಡಿಸಿದ್ರು, ರಿಪೋರ್ಟ್ ಕೈಲಿತ್ತು. ಕಂಡಕ್ಟ್ರಣ್ಣ ಪ್ರತಿ ಸಲ ಹೇಳ್ತಿದ್ದ ಮಾತು ಜ್ಞಾಪಕ ಬಂತು, ರಿಪೋರ್ಟ್ ಒಂದೇ ಸಾಲಲ್ಲಮ್ಮ, ಬ್ಲಾಕು ಸ್ಲೈಡು ಇಸ್ಕೊಂಡೇ ಬರ್ಬೇಕು. ಬ್ಲಾಕ್ ಅಂದ್ರೆ ತೆಗೆದ ಮಾಂಸದ ಚೂರನ್ನ ಮೇಣದಲ್ಲಿ ಹುದುಗಿಸಿಟ್ಟಿರೋದು, ಸ್ಲೈಡ್ ಅಂದ್ರೆ ಅದರ ತೆಳ್ಳಗಿನ ಪದರ ಗಾಜಿನ ಮೇಲೆ ಇಟ್ಟಿರೋದು, ದೊಡ್ಡಾಸ್ಪತ್ರೆಲಿ ಅದನ್ನ ಇನ್ನೊಂದ್ಸಲ ಅವರೇ ನೋಡಿ ಖಾತ್ರಿ ಮಾಡ್ಕೋತಾರೆ, ಇಲ್ಲಾಂದ್ರೆ ಅಷ್ಟು ನೋವಿರೋ ಬಾಯಿಗೆ ಮತ್ತೆ ಚುಚ್ಚಬೇಕು. ಆ ಲ್ಯಾಬಿನೋರು ಮೊದಲು ಕೊಡಲ್ಲ ಅಂದ್ರಂತೆ. ಮುಂದಿನ ಚಿಕಿತ್ಸೆಗೆ ಬೇಕು ಅಂತ ಒಂದು ಅರ್ಜಿ ಬರೆದು ಸೈನ್ ಹಾಕಿ ಕೊಡಪ್ಪ, ಕೊಡ್ತಾರೆ ಅಂದೆ, ಕೊಟ್ರು. ಆಮೇಲೆ ರೇಷನ್ ಕಾರ್ಡು. ಆಧಾರಲ್ಲಿ ಅಜ್ಜಿ ಹೆಸ್ರು ಒಂದು ಥರ, ರೇಷನ್ ಕಾರ್ಡಲ್ಲಿ ಇನ್ನೊಂದು ಥರ, ಇದು ಎಷ್ಟೋ ಮನೇಲಿ ಇರೋ ತೊಂದ್ರೆ, ಬೆಂಗ್ಳೂರಿಗೆ ಬಂದು ಕೌಂಟರಲ್ಲಿ ಗೊತ್ತಾದ್ರೆ ದಿನಗಟ್ಟಲೆ ಹೋಗುತ್ತೆ. ಊರಲ್ಲೇ ಸರಿ ಮಾಡಿಸ್ಕೊಂಡು ಹೊರಡಿ ಅಂದೆ. ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ, ಎಪಿಎಲ್ ಆದ್ರೆ ಪ್ಯಾಕೇಜ್ ರೇಟಿನ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷ ಮೀರಲ್ಲ. ಪ್ರೈವೇಟ್ ಆಸ್ಪತ್ರೆಗೆ ಹೋಗ್ಬೇಕಾದ್ರೆ ಸರ್ಕಾರಿ ಆಸ್ಪತ್ರೆ ರೆಫರಲ್ ಲೆಟರ್ ಬೇಕು, ಎಮರ್ಜೆನ್ಸಿಗೆ ಬೇಡ. ಸರ್ಕಾರದ ಆಸ್ಪತ್ರೆಗೇ ಬರೋದಾದ್ರೂ ಒಂದು ಲೆಟರ್ ಬರೆಸ್ಕೊಂಡು ಬನ್ನಿ, ಭಾರ ಏನಲ್ಲ ಅನ್ನೋದು ಕಂಡಕ್ಟ್ರಣ್ಣನ ರೂಲು. ಇನ್ನೊಂದು ರೂಲು, ಒರಿಜಿನಲ್ ಒಂದು ಕವರಲ್ಲಿ, ಜೆರಾಕ್ಸ್ ಇನ್ನೊಂದು ಕವರಲ್ಲಿ, ಒರಿಜಿನಲ್ ಕವರ್ ಯಾವಾಗ್ಲೂ ಹೆಂಗಸ್ರ ಕೈಲಿ, ಯಾಕಂದ್ರೆ ಗಂಡಸ್ರು ಟೀಗೆ ಅಂತ ಹೋಗಿ ಬೆಂಚ್ ಮೇಲೆ ಬಿಟ್ಬರ್ತಾರೆ.

ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದ್ರು. ಶಕ್ತಿ ಯೋಜನೆ 2023ರ ಜೂನಲ್ಲಿ ಬಂದ್ಮೇಲೆ ಅಜ್ಜಿಗೂ ಸೊಸೆಗೂ ಟಿಕೆಟ್ ದುಡ್ಡಿಲ್ಲ, ಹುಡುಗನ್ದು ಮಾತ್ರ. ಕಂಡಕ್ಟ್ರಣ್ಣ ಈ ಸ್ಕೀಮ್ ಬಂದಾಗ ಎಷ್ಟು ಸಂತೋಷ ಪಟ್ಟಿದ್ರು ಅಂದ್ರೆ, ಬಸ್ ಚಾರ್ಜಿಗೆ ಹೆದ್ರಿ ಎರಡನೇ ಚೆಕಪ್ಪಿಗೆ ಬರದೇ ಇದ್ದ ಹೆಂಗಸ್ರಿಗೆಲ್ಲಾ ಅವರೇ ಫೋನ್ ಮಾಡಿ ಈಗ ಬನ್ರವ್ವ ಅಂತ ಕರೆದಿದ್ರು. ಇವರನ್ನ ಜಾಲಹಳ್ಳಿ ಕ್ರಾಸಲ್ಲೇ ಇಳಿಸ್ಕೊಂಡು ಮೆಟ್ರೋ ಹತ್ತಿಸಿದೆ, ಮೆಜೆಸ್ಟಿಕ್ ತನಕ ಟ್ರಾಫಿಕಲ್ಲಿ ಕೂತು ಬೇಯೋದು ತಪ್ಪುತ್ತೆ, ಜಯನಗರದಲ್ಲಿ ಇಳಿದು ಆಟೋ ಹಿಡಿದ್ರೆ ಕಿದ್ವಾಯಿ.

ಅಲ್ಲಿ ಇಡೀ ಕರ್ನಾಟಕಾನೇ ಇರುತ್ತೆ, ರಾಯಚೂರು, ಕಲಬುರಗಿ, ಚಾಮರಾಜನಗರ, ಪಕ್ಕದ ಆಂಧ್ರದೋರೂ ಇರ್ತಾರೆ. ರಿಜಿಸ್ಟ್ರೇಷನ್ ಮಾಡಿಸಿ ಫೈಲ್ ಆಯ್ತು, ಫೈಲ್ ನಂಬರ್‌ನ ಹುಡುಗನ ಫೋನಲ್ಲಿ ಫೋಟೋ ತೆಗೆಸಿದೆ. ಫೈಲ್ ಅಕ್ಕ ಅನ್ನೋ ನಂಬರಿಗೆ ಹಿಂದಿನ ದಿನಾನೇ ಮಾಡಿದ್ದೆ. ಅವರು ಆಸ್ಪತ್ರೆಲಿ ದೊಡ್ಡ ಹುದ್ದೆಯೋರಲ್ಲ, ಹೌಸ್‌ಕೀಪಿಂಗ್ ಸ್ಟಾಫು. ಕಂಡಕ್ಟ್ರಣ್ಣ ಹೋದ್ರು ಅಂದ ತಕ್ಷಣ ಕಾರಿಡಾರಲ್ಲೇ ನಿಂತು ಅತ್ತುಬಿಟ್ರು. ಅವರ ಮಗಳ ಕಾಲೇಜ್ ಫೀಸ್‌ಗೆ ಯಾರನ್ನೋ ಹಿಡಿದು ಸ್ಕಾಲರ್‌ಶಿಪ್ ಅರ್ಜಿ ಹಾಕ್ಸಿದ್ರಂತೆ. ಕ್ಯೂ ತಪ್ಪಿಸಿ ಒಳಗೆ ಬಿಡೋ ಇನ್ಫ್ಲುಯೆನ್ಸ್ ಇದಲ್ಲ, ಕಂಡಕ್ಟ್ರಣ್ಣ ಅದನ್ನ ಯಾವತ್ತೂ ಮಾಡಿಸ್ತಿರ್ಲಿಲ್ಲ, ಎಲ್ರೂ ಕಾಯಿಲೆಯೋರೇ ಅಲ್ವಾ ಅಂತಿದ್ರು. ಇವರು ಮಾಡೋ ಸಹಾಯ ಅಂದ್ರೆ, ಆಸ್ಪತ್ರೆಲಿ ಸ್ಕೀಮಿನ ಕೆಲಸ ನೋಡ್ಕೊಳ್ಳೋ ಆರೋಗ್ಯ ಮಿತ್ರ ಎಲ್ಲಿ ಕೂರ್ತಾರೆ, ಸ್ಕ್ಯಾನ್ ರಿಪೋರ್ಟ್ ಎಲ್ಲಿ ಕೊಡ್ತಾರೆ, ಅಜ್ಜಿ ಎಲ್ಲಿ ಕೂತ್ರೆ ಹೆಸ್ರು ಕರೆದದ್ದು ಕೇಳ್ಸುತ್ತೆ ಅಂತ ತೋರಿಸೋದು. ಅಷ್ಟೇ ಸಾಕು.

ಸ್ಕ್ಯಾನು, ಬ್ಲಾಕ್ ರಿವ್ಯೂ ಎಲ್ಲಾ ಆಗಿ ಡಾಕ್ಟರುಗಳು ಸೇರಿ ಕೂತು ತೀರ್ಮಾನ ಮಾಡಿದ್ದು ಮೊದಲು ಆಪರೇಷನ್, ಗಾಯ ಆರಿದ್ಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ ರೇಡಿಯೇಷನ್. ಆಪರೇಷನ್‌ಗೆ ರಕ್ತ ಬೇಕು ಅಂದಾಗ ನಮ್ಮ ಆಫೀಸ್ ಹುಡುಗ್ರು ಬಂದ್ರು, ಒಬ್ಬನಿಗೆ ರಕ್ತ ಕೊಡೋಕೆ ಬೇಕಾದಷ್ಟು ಹಿಮೋಗ್ಲೋಬಿನ್, ಅಂದ್ರೆ 12.5, ಇರ್ಲಿಲ್ಲ, ವಾಪಸ್ ಕಳಿಸಿದ್ರು, ಅವನು ಬೇಜಾರಾಗಿ ತನ್ನ ರೂಮ್‌ಮೇಟನ್ನ ಕಳಿಸಿದ.

ಜನ ಕೈ ಬಿಡೋದು ಆಪರೇಷನ್‌ಗಲ್ಲ, ಈ ಆರು ವಾರಕ್ಕೆ. ಆಪರೇಷನ್ ಆಯ್ತಲ್ಲ, ಗಡ್ಡೆ ತೆಗೆದ್ರಲ್ಲ, ಇನ್ಯಾಕೆ ಅಂತ ಊರಿಗೆ ಹೋಗಿಬಿಡ್ತಾರೆ, ಉಳಿದಿದ್ದು ಮತ್ತೆ ಬೆಳೆಯುತ್ತೆ. ಹುಡುಗ ಕಡ್ಲೆಕಾಯಿ ಕೀಳೋಕೆ ಊರಿಗೆ ಹೋಗ್ಲೇಬೇಕಿತ್ತು. ಅಜ್ಜಿಗೂ ಸೊಸೆಗೂ ಧರ್ಮಶಾಲೇಲಿ ಜಾಗ ಸಿಕ್ತು, ಇಲ್ಲದಿದ್ರೆ ಬೆಂಗ್ಳೂರಲ್ಲಿ ರೂಮ್ ಬಾಡಿಗೆ ಕಟ್ಟಿ ಯಾರು ಉಳೀತಾರೆ. ರೇಡಿಯೇಷನ್‌ಗೆ ಮುಂಚೆ ಹಲ್ಲಿನ ಡಾಕ್ಟರ್ ನೋಡಿ ಕೆಟ್ಟ ಹಲ್ಲು ತೆಗೀತಾರೆ, ಆಮೇಲೆ ಮುಖಕ್ಕೆ ಒಂದು ಪ್ಲಾಸ್ಟಿಕ್ ಮಾಸ್ಕ್ ಮಾಡ್ತಾರೆ, ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಅಚ್ಚು ತೆಗೆಯೋದು, ಪ್ರತಿ ದಿನ ಅದನ್ನ ಹಾಕಿ ಟೇಬಲ್‌ಗೆ ಕ್ಲಿಪ್ ಮಾಡಿ ತಲೆ ಅಲ್ಲಾಡದ ಹಂಗೆ ಮಾಡ್ತಾರೆ. ಅಜ್ಜಿ ಮೊದಲನೇ ದಿನ ಹೊರಗೆ ಬಂದು "ನನ್ ಕೈಲಾಗಲ್ಲ ಕಣವ್ವ, ಉಸಿರು ಕಟ್ಟುತ್ತೆ, ಊರಿಗೆ ಕಳಿಸ್ಬಿಡು" ಅಂತ ಕೂತ್ರು. ಟೆಕ್ನಿಷಿಯನ್ ಸಮಾಧಾನ ಮಾಡಿದ್ರು, ಸೊಸೆ ಬೈದಳು, ಏನೂ ಆಗ್ಲಿಲ್ಲ. ಆಗ ನನಗೆ ಅಪ್ಪನಿಗೆ ಹೇಳಿದ ಆ ಸ್ಟಾಪಿನ ಮಾತು ಹೊಳೀತು. ಅಜ್ಜಿ, ಮಾಸ್ಕ್ ಹಾಕಿದ ತಕ್ಷಣ ಕಣ್ ಮುಚ್ಕೊಂಡು ಮಿಡಿಗೇಶಿಲಿ ಬಸ್ ಹತ್ತಿ, ಒಂದೊಂದೇ ಸ್ಟಾಪು ಮನಸ್ಸಲ್ಲೇ ಹೇಳ್ಕೊಂಡು ಬನ್ನಿ, ಎಲ್ಲಿಗೆ ಬರೋಷ್ಟರಲ್ಲಿ ಮುಗೀತು ಅಂತ ನನಗೆ ಹೇಳಿ ಅಂದೆ. ಮಾರನೇ ದಿನ ಹೊರಗೆ ಬಂದು "ಕೊರಟಗೆರೆ ಬಂದಿತ್ತು, ಬಿಟ್ಬಿಟ್ರು" ಅಂದ್ರು. ನನಗೆ ಗೊತ್ತೇ ಇಲ್ಲದ ಗೇಟು, ಕ್ರಾಸು, ಆಲದಮರ ಎಲ್ಲಾ ಸ್ಟಾಪ್ ಮಾಡ್ಕೊಂಡು ಬರ್ತಿದ್ರು ಅವರು. ದಾಬಸ್‌ಪೇಟೆ ದಾಟಿದ ದಿನ ಮೆಷಿನ್ ಲೇಟು ಅಂತ ಅರ್ಥ.

ಮೂರನೇ ವಾರದಿಂದ ಬಾಯೆಲ್ಲಾ ಹುಣ್ಣಾಯ್ತು. ಉಪ್ಪು ಸೋಡಾ ಹಾಕಿದ ನೀರಲ್ಲಿ ದಿನಕ್ಕೆ ಎಷ್ಟೋ ಸಲ ಬಾಯಿ ಮುಕ್ಕಳಿಸ್ಬೇಕು, ಕೆನ್ನೆಗೆ ಸೋಪು, ಎಣ್ಣೆ ಏನೂ ತಾಗಿಸ್ಬಾರ್ದು. ಊಟ ಸೇರಲ್ಲ, ತೂಕ ಇಳಿದ್ರೆ ಮಾಸ್ಕೇ ಸಡಿಲ ಆಗುತ್ತೆ. ನಮ್ಮ ಮನೆ ಹನುಮಂತನಗರ, ಬೆಳಿಗ್ಗೆ ಆಫೀಸಿಗೆ ಹೋಗೋ ಮುಂಚೆ ರಾಗಿ ಅಂಬಲಿ ತೆಳ್ಳಗೆ ಮಾಡಿ ಮಜ್ಜಿಗೆ ಹಾಕಿ ಸೋಸಿ ಕ್ಯಾರಿಯರಲ್ಲಿ ಕೊಟ್ಟು ಹೋಗ್ತಿದ್ದೆ, ನನಗೆ ಆಗದ ದಿನ ನಮ್ಮೂರಿನ ಇನ್ನಿಬ್ಬರು ಹುಡುಗೀರು, ಒಬ್ಬಳು ಪಿಜಿಲಿ ಇರೋಳು, ಅಡುಗೆಯೋರನ್ನ ಬೇಡ್ಕೊಂಡು ಗಂಜಿ ಮಾಡಿಸ್ಕೊಂಡು ತರೋಳು. ಅಜ್ಜಿ ಅದನ್ನ ಚಮಚೇಲಿ ಒಂದೊಂದೇ ಗುಟುಕು ಕಣ್ಣೀರು ಹಾಕ್ಕೊಂಡು ಕುಡಿಯೋರು, ಆದ್ರೆ ಉಳಿಸ್ತಿರ್ಲಿಲ್ಲ. ಇಷ್ಟಾದ್ಮೇಲೆ ನನಗೆ ಕಂಡಕ್ಟ್ರಣ್ಣನ ಬಗ್ಗೆ ಹೆಚ್ಚು ಆಶ್ಚರ್ಯ ಆಗಿದ್ದು. ಒಂದು ಕೇಸಿಗೇ ನಾವು ಮೂರ್ನಾಲ್ಕು ಜನ ಸುಸ್ತು, ಅವರು ಡ್ಯೂಟಿ ಮಾಡ್ಕೊಂಡು, ಆಮೇಲೆ ವಯಸ್ಸಾದ ಕಾಲದಲ್ಲಿ ಶುಗರ್ ಮಾತ್ರೆ ಜೇಬಲ್ಲಿಟ್ಕೊಂಡು, ಒಬ್ಬರೇ ಎಷ್ಟು ಜನರನ್ನ ಹಿಂಗೆ ಕೊನೇ ಸ್ಟಾಪ್ ತನಕ ಕರ್ಕೊಂಡು ಹೋಗಿದಾರೆ.

ಅಜ್ಜಿ ರೇಡಿಯೇಷನ್ ಮುಗಿಸ್ಕೊಂಡು ಊರಿಗೆ ಹೋದ್ರು. ಚೆಕಪ್ಪಿಗೆ ಬರ್ತಾರೆ, ಬಾಯಿ ಪೂರ್ತಿ ತೆಗೆಯೋಕೆ ಇನ್ನೂ ಆಗಲ್ಲ, ವ್ಯಾಯಾಮ ಹೇಳಿಕೊಟ್ಟಿದಾರೆ. ಹೊಗೆಸೊಪ್ಪು ಬಿಟ್ಟಿದಾರೆ, ಓಣಿಯಲ್ಲಿ ಬೇರೆ ಹೆಂಗಸ್ರಿಗೂ ಬೈದು ಬಿಡಿಸ್ತಿದಾರಂತೆ, ಒಬ್ಬರನ್ನ ಬಾಯಿ ತೋರಿಸೋಕೆ ಅಂತ ಮಧುಗಿರಿ ಸರ್ಕಾರಿ ಆಸ್ಪತ್ರೆಗೆ ಅವರೇ ಕರ್ಕೊಂಡು ಹೋಗಿದ್ರು ಅಂತ ಮೊಮ್ಮಗ ಹೇಳ್ದ.

ಫೋನು ಈಗ ಒಬ್ಬರ ಹತ್ರಾನೇ ಇರಲ್ಲ. ಸಿಮ್ ನನ್ನ ಹತ್ರ ಇದೆ, ಆಫೀಸ್ ಟೈಮಲ್ಲಿ ಕಾಲ್ ಫಾರ್ವರ್ಡ್ ಮಾಡಿ ಪಿಜಿ ಹುಡುಗಿಗೆ ಹಾಕ್ತೀನಿ, ರಾತ್ರಿ ಬಂದ ಕಾಲ್ ಕಂಡಕ್ಟ್ರಣ್ಣನ ಮಗ ನೋಡ್ಕೋತಾನೆ. ಹಾರ್ಟ್ ಕೇಸಿಗೆ ಬನ್ನೇರುಘಟ್ಟ ರೋಡಲ್ಲಿ ಕೆಲಸ ಮಾಡೋ ಒಬ್ಬ ತಮ್ಮ ಒಪ್ಕೊಂಡಿದಾನೆ, ಕಣ್ಣಿನ ಕೇಸಿಗೆ ಚಾಮರಾಜಪೇಟೆಲಿರೋ ಒಬ್ಬರು ಟೀಚರಮ್ಮ. ನಿಮ್ಹಾನ್ಸ್ ಕಡೆಗೆ ಇನ್ನೂ ಯಾರೂ ಸಿಕ್ಕಿಲ್ಲ. ಐ.ಡಿ. ಹಳ್ಳಿ ಫಿಟ್ಸ್ ಹುಡುಗನಿಗೆ ಮುಂದಿನ ತಿಂಗಳು ಡೇಟ್ ಇದೆ, ಜೊತೇಲಿ ಬರೋದು ಅವನ ತಾಯಿ ಒಬ್ಬರೇ, ಅವರಿಗೆ ಓದೋಕೆ ಬರಲ್ಲ. ನಮ್ಮ ಕಡೆಯೋರು ಯಾರಾದ್ರೂ ಆ ಏರಿಯಾದಲ್ಲಿದ್ರೆ, ಬೆಳಿಗ್ಗೆ ಅರ್ಧ ದಿನ ರಜ ಹಾಕೋಕಾದ್ರೆ, ಹೇಳಿ.